ಮೌಸ್ ಇದೆ, ಪಿನ್ನಿಲ್ಲ: ವೈರ್‌ಲೆಸ್ ಮೌಸಿನ ರಿಸೀವರ್ ಕಳೆದಾಗ ಏನು ಮಾಡಬೇಕು

ಹಾಸನದ ಬಿ.ಎಂ. ರಸ್ತೆಯಲ್ಲಾಗಲಿ ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಾಗಲಿ ಕಂಪ್ಯೂಟರ್ ಅಂಗಡಿಗೆ ಹೋಗಿ "ಮೌಸ್ ಚೆನ್ನಾಗೇ ಇದೆ, ಅದರ ಪಿನ್ನು ಮಾತ್ರ ಕಳೆದಿದೆ, ಬೇರೆ ಸಿಗುತ್ತಾ?" ಎಂದು ಕೇಳಿದರೆ, "ಇಲ್ಲ, ಹೊಸ ಮೌಸೇ ತಗೊಳ್ಳಿ" ಎಂಬ ಉತ್ತರ ಬರುವುದೇ ಹೆಚ್ಚು. ಈ ಪಿನ್ನೇ ರಿಸೀವರ್, ಅಂದರೆ ಮೌಸಿನ ಸಂಕೇತ ಹಿಡಿಯಲು ಕಂಪ್ಯೂಟರಿನ ಯುಎಸ್‌ಬಿ ಪೋರ್ಟಿಗೆ ಚುಚ್ಚುವ ಪುಟ್ಟ ಚೂರು. ಅಗ್ಗದ ಮೌಸುಗಳ ಮಟ್ಟಿಗೆ ಅಂಗಡಿಯವರ ಮಾತು ನಿಜ. ಆದರೆ ಕೆಲವು ಮೌಸುಗಳಿಗೆ ಬೇರೆ ರಿಸೀವರ್ ಹಾಕಬಹುದು, ಇನ್ನು ಕೆಲವಕ್ಕೆ ರಿಸೀವರೇ ಬೇಕಿಲ್ಲ. ನಿಮ್ಮದು ಯಾವುದು ಎಂಬುದನ್ನು ಮನೆಯಲ್ಲೇ ಹತ್ತು ನಿಮಿಷದಲ್ಲಿ ತಿಳಿಯಬಹುದು. ಕಳಸದಿಂದಲೋ ಸಕಲೇಶಪುರದ ಆಚೆಯ ಹಳ್ಳಿಯಿಂದಲೋ ಜುಲೈ ಮಳೆಯಲ್ಲಿ ಇದೊಂದಕ್ಕೇ ಪೇಟೆಗೆ ಬಂದುಹೋಗುವುದೆಂದರೆ ಒಂದು ದಿನದ ಕೆಲಸ. ಹಾಗಾಗಿ ಬಸ್ ಹತ್ತುವ ಮುಂಚೆ ಮುಂದಿನದನ್ನೆಲ್ಲ ನೋಡಿಬಿಡಿ.

ಮೊದಲು, ಕಂಡ ರಿಸೀವರೆಲ್ಲ ಯಾಕೆ ಹೊಂದುವುದಿಲ್ಲ ಎಂಬುದು ತಿಳಿದಿರಲಿ. ಈ ಮೌಸುಗಳು 2.4 ಗಿಗಾಹರ್ಟ್ಸ್ ರೇಡಿಯೋ ಅಲೆಯಲ್ಲಿ ಮಾತಾಡುತ್ತವೆ. ಅಲೆ ಎಲ್ಲಕ್ಕೂ ಒಂದೇ. ಭಾಷೆ ಮಾತ್ರ ಕಂಪನಿಗೊಂದು. ಅಷ್ಟೇ ಅಲ್ಲ, ಪ್ರತಿ ಮೌಸಿಗೂ ಅದರ ರಿಸೀವರಿಗೂ ಒಂದು ಗುರುತಿನ ಸಂಖ್ಯೆ ಕೊಟ್ಟು ಕಾರ್ಖಾನೆಯಲ್ಲೇ ಗಂಟು ಹಾಕಿರುತ್ತಾರೆ. ಅದೇ ಕಂಪನಿಯ, ಅದೇ ಬಣ್ಣದ, ಅದೇ ಮಾದರಿಯ ಇನ್ನೊಂದು ಮೌಸಿನ ರಿಸೀವರ್ ತಂದು ಚುಚ್ಚಿದರೂ ಪರದೆಯ ಮೇಲಿನ ಬಾಣ ಅಲುಗುವುದಿಲ್ಲ. ಬ್ಲೂಟೂತ್ ಡಾಂಗಲ್ ಎಂದು ಮಾರುವ ವಸ್ತು ನೋಡಲು ಹೀಗೇ ಇದ್ದರೂ ಬೇರೆಯದೇ, ಬರೀ 2.4 ಗಿಗಾಹರ್ಟ್ಸ್ ಮೌಸಿಗೆ ಅದರಿಂದ ಏನೂ ಉಪಯೋಗವಿಲ್ಲ.

ಕಳೆದದ್ದು ರಿಸೀವರೋ, ಕೆಟ್ಟದ್ದು ಮೌಸೋ?

ಬಾಣ ನಿಂತ ಕೂಡಲೇ "ಪಿನ್ನು ಹೋಯಿತು" ಎಂದುಕೊಳ್ಳುವುದು ಸಹಜ. ಆದರೆ ರಿಸೀವರ್ ಕಂಪ್ಯೂಟರಿನ ಹಿಂಭಾಗದಲ್ಲಿ ತನ್ನ ಪಾಡಿಗೆ ಕೂತಿದ್ದು, ಮೌಸಿನ ಸೆಲ್ಲು ಮುಗಿದಿರುವ ಪ್ರಸಂಗಗಳೂ ಬೇಕಾದಷ್ಟಿವೆ. ಮೌಸನ್ನು ಮಗುಚಿ ಸ್ವಿಚ್ ಆನ್ ಇದೆಯೇ ನೋಡಿ. ಹೊಸ ಸೆಲ್ಲು ಹಾಕಿ. ಹಲವು ಮೌಸುಗಳಲ್ಲಿ ಅಡಿಯಲ್ಲಿ ಕೆಂಪು ಬೆಳಕು ಕಾಣುತ್ತದೆ; ಆದರೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಳಸುವವೂ ಇವೆ, ಕೆಂಪು ಕಾಣದ ಮಾತ್ರಕ್ಕೆ ಸತ್ತಿದೆ ಎನ್ನಬೇಡಿ.

ಮಲೆನಾಡಿನ ತೇವದಲ್ಲಿ ಸೆಲ್ಲಿನ ಗೂಡು ಬಹಳ ಕಾಡುತ್ತದೆ. ತಿಂಗಳುಗಟ್ಟಲೆ ಬಳಸದೆ ಬಿಟ್ಟ ಮೌಸಿನಲ್ಲಿ ಸೆಲ್ಲು ಸೋರಿ, ಸ್ಪ್ರಿಂಗಿನ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿರುತ್ತದೆ. ಸೆಲ್ಲಿನ ಮೇಲೆ ಆಲ್ಕಲೈನ್ ಎಂದಿದ್ದರೆ ಸೋರಿದ್ದು ಕ್ಷಾರ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ನಿಂಬೆರಸ ಅಥವಾ ವಿನೆಗರ್‌ನಲ್ಲಿ ಅದ್ದಿ ಒರೆಸಿದರೆ ಬಿಡುತ್ತದೆ. ಮಾಮೂಲಿ ಜಿಂಕ್-ಕಾರ್ಬನ್ ಸೆಲ್ಲಾದರೆ ಸೋರಿದ್ದು ಆಮ್ಲದ ಗುಣದ್ದು; ಚಿಟಿಕೆ ಅಡುಗೆ ಸೋಡಾವನ್ನು ನೀರಲ್ಲಿ ಕಲಸಿ ಹಚ್ಚಬೇಕು. ಎರಡರಲ್ಲೂ ಕಡ್ಡಿ ತೊಟ್ಟಿಕ್ಕುವಷ್ಟು ಒದ್ದೆ ಇರಬಾರದು. ಬಳಿಕ ಒಣಗಿದ ಬಟ್ಟೆಯಿಂದ ಒರೆಸಿ, ಪೂರ್ತಿ ಆರಿದ ಮೇಲೆ ಸೆಲ್ಲು ಹಾಕಿ. ಆ ಪುಡಿಯನ್ನು ಬರಿಗೈಯಲ್ಲಿ ಕೆರೆಯಬೇಡಿ.

ಈಗಲೂ ಬಾಣ ಓಡದಿದ್ದರೆ, ರಿಸೀವರ್ ಕಣ್ಣೆದುರೇ ಇದ್ದರೆ, ಅದನ್ನು ಬೇರೆ ಪೋರ್ಟಿಗೆ ಚುಚ್ಚಿ. ಅಲ್ಲೂ ಆಗದಿದ್ದರೆ ಒಟಿಜಿ ಕನೆಕ್ಟರ್ (ಫೋನಿಗೆ ಯುಎಸ್‌ಬಿ ಸಾಧನ ಚುಚ್ಚಲು ಬಳಸುವ ಪುಟ್ಟ ಕೊಂಡಿ) ಮೂಲಕ ಆಂಡ್ರಾಯ್ಡ್ ಫೋನಿಗೆ ಚುಚ್ಚಿ ನೋಡಿ. ಫೋನಿನ ಪರದೆಯಲ್ಲಿ ಬಾಣ ಮೂಡಿ ಮೌಸಿನ ಜೊತೆ ಓಡಿದರೆ ಮೌಸೂ ಸರಿ, ರಿಸೀವರೂ ಸರಿ. ಕೆಟ್ಟಿರುವುದು ಕಂಪ್ಯೂಟರಿನ ಪೋರ್ಟು. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಾದ ಮರುದಿನ ಈ ತೊಂದರೆ ಶುರುವಾಗಿದ್ದರೆ ಪೋರ್ಟಿನ ಮೇಲೇ ಮೊದಲ ಅನುಮಾನ ಇರಲಿ.

ಬಾಣ ತಡೆತಡೆದು ಓಡುವುದು ಇನ್ನೊಂದು ಬಗೆ. ರಿಸೀವರಿನ ಪಕ್ಕದ ಯುಎಸ್‌ಬಿ 3 ಪೋರ್ಟಿನಲ್ಲಿ ಪೆನ್‌ಡ್ರೈವೋ ಹಾರ್ಡ್‌ಡಿಸ್ಕೋ ಓಡುತ್ತಿದ್ದರೆ ಅದು 2.4 ಗಿಗಾಹರ್ಟ್ಸ್ ಸುತ್ತಮುತ್ತಲೇ ಗದ್ದಲ ಎಬ್ಬಿಸುತ್ತದೆ. ಇಂಟೆಲ್ ಕಂಪನಿಯೇ 2012ರಲ್ಲಿ ಇದನ್ನು ವಿವರಿಸಿದೆ. ರಿಸೀವರನ್ನು ಅಲ್ಲಿಂದ ದೂರದ ಪೋರ್ಟಿಗೆ ಹಾಕಿ, ಇಲ್ಲವೇ ಅರ್ಧ ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಷನ್ ವೈರಿನಿಂದ ಮೇಜಿನ ಮೇಲಕ್ಕೆ ತನ್ನಿ. ಸಿಪಿಯು ಕಬ್ಬಿಣದ ಬೀರುವಿನ ಹಿಂದೆ ಇದ್ದರೂ ಇದೇ ಪರಿಹಾರ.

ಹುಡುಕುವುದಕ್ಕೂ ಒಂದು ಕ್ರಮವಿದೆ

ನ್ಯಾನೋ ರಿಸೀವರ್ ಎಂದರೆ ಸುಮಾರು 19 ಮಿಲಿಮೀಟರ್ ಉದ್ದ, 14 ಅಗಲ, 6 ದಪ್ಪ, ತೂಕ ಎರಡು ಗ್ರಾಂ ಆಸುಪಾಸು. ಅಡಿಕೆ ಹೋಳಿನಷ್ಟು. ಪೋರ್ಟಿನಲ್ಲಿ ಕೂತಾಗ ಹೊರಗೆ ಕಾಣುವುದು ಕಪ್ಪು ತುದಿ ಮಾತ್ರ. ಕಪ್ಪು ಸಿಪಿಯುವಿನ ಹಿಂಭಾಗದಲ್ಲಿ ಕಣ್ಣಿಗಿಂತ ಬೆರಳಿಗೇ ಬೇಗ ಸಿಗುತ್ತದೆ.

ಎಲ್ಲಕ್ಕೂ ಮೊದಲು ಮೌಸಿನ ಸೆಲ್ಲಿನ ಮುಚ್ಚಳ ತೆಗೆಯಿರಿ. ಬಹುತೇಕ ಮೌಸುಗಳಲ್ಲಿ ಸೆಲ್ಲಿನ ಪಕ್ಕದಲ್ಲೇ ರಿಸೀವರ್ ಇಡುವ ಗೂಡಿರುತ್ತದೆ. ಊರಿಗೆ ಹೊರಡುವಾಗ ಅಲ್ಲಿಟ್ಟು ಮರೆತಿರುವುದು ತೀರಾ ಸಾಮಾನ್ಯ. ಸೆಲ್ಲನ್ನೂ ಹೊರತೆಗೆದು ನೋಡಿ, ಅದರ ಅಡಿಯಲ್ಲಿ ಗೂಡಿರುವ ಮಾದರಿಗಳೂ ಇವೆ. ಹೊಸ ಮೌಸಾದರೆ ಡಬ್ಬಿಯ ರಟ್ಟಿನ ಮಡಿಕೆ ನೋಡಿ.

ಅಲ್ಲಿಲ್ಲವೆಂದರೆ ಮೌಸನ್ನೇ ಹುಡುಕುವ ಸಾಧನ ಮಾಡಿಕೊಳ್ಳಿ. ರಿಸೀವರ್ ಇನ್ನೂ ಯಾವುದೋ ಕಂಪ್ಯೂಟರಿನಲ್ಲಿ ಚುಚ್ಚಿಕೊಂಡೇ ಇದ್ದರೆ ಈ ಮೌಸ್ ಆಡಿಸಿದಾಗ ಅಲ್ಲಿನ ಬಾಣ ಓಡಲೇಬೇಕು, ಮಧ್ಯೆ ಗೋಡೆ, ಬೀರು ಇಲ್ಲದಿದ್ದರೆ ಸುಮಾರು ಹತ್ತು ಮೀಟರ್ ದೂರದವರೆಗೂ. ಪಂಚಾಯಿತಿ ಕಚೇರಿ, ಸಹಕಾರ ಸಂಘ, ಶಾಲೆಯ ಲ್ಯಾಬ್, ಎಸ್ಟೇಟ್ ಆಫೀಸು, ಹೀಗೆ ನಾಲ್ಕಾರು ಕಂಪ್ಯೂಟರ್ ಇರುವಲ್ಲಿ ಎಲ್ಲವನ್ನೂ ಚಾಲೂ ಮಾಡಿ, ಒಬ್ಬರು ಮೌಸ್ ಹಿಡಿದು ಒಂದೊಂದರ ಹತ್ತಿರ ನಿಂತು ಆಡಿಸಲಿ, ಇನ್ನೊಬ್ಬರು ಪರದೆ ನೋಡಲಿ. ಯಾವ ಬಾಣ ಓಡುತ್ತದೋ ರಿಸೀವರ್ ಅಲ್ಲಿದೆ. ಟಿವಿ, ಸೆಟ್‌ಟಾಪ್ ಬಾಕ್ಸ್, ಪ್ರೊಜೆಕ್ಟರುಗಳ ಪೋರ್ಟುಗಳನ್ನೂ ಬಿಡಬೇಡಿ. ಪೆನ್‌ಡ್ರೈವ್ ಎಂದುಕೊಂಡು ಯಾರೋ ಅಲ್ಲಿಗೆ ಚುಚ್ಚಿರಬಹುದು.

ಲ್ಯಾಪ್‌ಟಾಪಿನಲ್ಲಿ ಒಂದು ಸೂಚನೆ ಸಿಗುತ್ತದೆ. ಮೌಸ್ ಇದ್ದಾಗ ಟಚ್‌ಪ್ಯಾಡ್ ಬಂದ್ ಆಗುವಂತೆ ಸೆಟ್ಟಿಂಗ್ ಮಾಡಿಕೊಂಡವರು, ಈಗಲೂ ಟಚ್‌ಪ್ಯಾಡ್ ಓಡುತ್ತಿಲ್ಲವೆಂದರೆ ಆ ಲ್ಯಾಪ್‌ಟಾಪಿನ ಪೋರ್ಟುಗಳನ್ನೂ, ಯುಎಸ್‌ಬಿ ಹಬ್ ಇದ್ದರೆ ಅದನ್ನೂ ಮತ್ತೊಮ್ಮೆ ತಡವಿ ನೋಡಬೇಕು. ರಿಸೀವರ್ ಅಲ್ಲೇ ಇರುವ ಸಾಧ್ಯತೆ ಹೆಚ್ಚು.

ಇನ್ನು ನೆಲ. ದೀಪ ಆರಿಸಿ, ಫೋನಿನ ಟಾರ್ಚನ್ನು ನೆಲಕ್ಕೆ ತಾಗಿಸಿ ಹಿಡಿದು ಬೆಳಕು ಅಡ್ಡಲಾಗಿ ಹರಿಯುವಂತೆ ಮಾಡಿ. ಕಪ್ಪು ಪ್ಲಾಸ್ಟಿಕ್ ಕಾಣದಿದ್ದರೂ ಲೋಹದ ತುದಿ ಮಿನುಗುತ್ತದೆ. ಗುಡಿಸಿದ ಕಸವನ್ನು ಚೆಲ್ಲುವ ಮುಂಚೆ ಮೊರದಲ್ಲಿ ಹರಡಿ ನೋಡಿ. ಎಸ್ಟೇಟ್ ಆಫೀಸುಗಳಲ್ಲಿ ಕಾಫಿ ಬೀಜದ ಸ್ಯಾಂಪಲ್ ಇಡುವ ತಟ್ಟೆ, ಚೀಲಗಳನ್ನೂ ನೋಡಬೇಕು. ಬೀಜದ ರಾಶಿಯಲ್ಲಿ ಬಿದ್ದ ಕಪ್ಪು ಚೂರನ್ನು ಯಾರೂ ಗಮನಿಸುವುದಿಲ್ಲ. ಲ್ಯಾಪ್‌ಟಾಪ್ ಚೀಲದ ಮೂಲೆಯ ಹೊಲಿಗೆ ಬಿಟ್ಟಿದ್ದರೆ ಅಸ್ತರಿನ ಒಳಗೂ ಕೈ ಹಾಕಿ.

ಅಲ್ಲಿಯವರೆಗೆ ಕೆಲಸ ನಿಲ್ಲಬಾರದು

ವೈರಿನ ಮೌಸ್ ಒಂದು ಮನೆಯಲ್ಲಿದ್ದರೆ ಮಾತೇ ಮುಗಿಯಿತು. ಇಲ್ಲದಿದ್ದರೆ ವಿಂಡೋಸ್‌ನಲ್ಲಿ ಕೀಬೋರ್ಡಿನಿಂದಲೇ ಬಾಣ ಓಡಿಸಬಹುದು. ಎಡಗಡೆಯ ಆಲ್ಟ್, ಎಡಗಡೆಯ ಶಿಫ್ಟ್, ನಮ್ ಲಾಕ್, ಈ ಮೂರನ್ನೂ ಒಟ್ಟಿಗೆ ಒತ್ತಿ. ಮೌಸ್ ಕೀಸ್ ಬೇಕೇ ಎಂದು ಕೇಳುತ್ತದೆ, ಎಂಟರ್ ಒತ್ತಿ. ಬಲಗಡೆಯ ಅಂಕಿಗಳ ಗುಂಪಿನಲ್ಲಿ 8 ಮೇಲೆ, 2 ಕೆಳಗೆ, 4 ಎಡಕ್ಕೆ, 6 ಬಲಕ್ಕೆ. 7, 9, 1, 3 ಓರೆಯಾಗಿ. 5 ಒತ್ತಿದರೆ ಕ್ಲಿಕ್, ಕೂಡುವ ಗುರುತು ಒತ್ತಿದರೆ ಡಬಲ್ ಕ್ಲಿಕ್. ಬಲ ಕ್ಲಿಕ್ ಬೇಕಾದರೆ ಕಳೆಯುವ ಗುರುತು ಒತ್ತಿ ನಂತರ 5. ಮತ್ತೆ ಎಡ ಕ್ಲಿಕ್ಕಿಗೆ ಮರಳಲು ಭಾಗಾಕಾರದ ಗುರುತು. ಬಾಣ ಅಲುಗದಿದ್ದರೆ ನಮ್ ಲಾಕ್ ದೀಪ ಉರಿಯುತ್ತಿದೆಯೇ ನೋಡಿ.

ಬರೀ ಫಾರಂ ತುಂಬುವ ಕೆಲಸಕ್ಕೆ ಇದೂ ಬೇಡ. ಟ್ಯಾಬ್ ಒತ್ತಿದರೆ ಮುಂದಿನ ಖಾನೆ, ಶಿಫ್ಟ್ ಹಿಡಿದು ಟ್ಯಾಬ್ ಒತ್ತಿದರೆ ಹಿಂದಿನದು, ಸ್ಪೇಸ್ ಒತ್ತಿದರೆ ಟಿಕ್, ಆಲ್ಟ್ ಮತ್ತು ಟ್ಯಾಬ್ ಒತ್ತಿದರೆ ಇನ್ನೊಂದು ಕಿಟಕಿ. ಬಲ ಕ್ಲಿಕ್ಕಿನ ಪಟ್ಟಿ ಶಿಫ್ಟ್ ಮತ್ತು ಎಫ್10ಕ್ಕೆ ತೆರೆಯುತ್ತದೆ. ಫೋನನ್ನೇ ಮೌಸ್ ಮಾಡುವ ಆ್ಯಪ್‌ಗಳಿವೆ, ಆದರೆ ಅವುಗಳ ಜೊತೆಗಾರ ತಂತ್ರಾಂಶವನ್ನು ಕಂಪ್ಯೂಟರಿಗೂ ಹಾಕಬೇಕು. ಜನರ ದಾಖಲೆಗಳಿರುವ ಕಚೇರಿ ಕಂಪ್ಯೂಟರಿಗೆ ಅದು ಸಲ್ಲದು.

ಇನ್ನು ಮೌಸಿನ ಹೊಟ್ಟೆ ನೋಡಿ

ಹುಡುಕಿ ಸೋತ ಮೇಲೆ ಎಲ್ಲ ನಿಂತಿರುವುದು ಮೌಸಿನ ಅಡಿಯಲ್ಲಿ ಏನು ಅಚ್ಚಾಗಿದೆ ಎಂಬುದರ ಮೇಲೆ.

ಬ್ಲೂಟೂತ್ ಗುರುತಿದ್ದರೆ, ಅಥವಾ 2.4 ಮತ್ತು ಬ್ಲೂಟೂತ್ ನಡುವೆ ಬದಲಿಸುವ ಗುಂಡಿ ಇದ್ದರೆ ನೀವು ಬಚಾವ್. ಆ ಗುಂಡಿಯನ್ನು ಬ್ಲೂಟೂತ್ ಕಡೆಗೆ ತಿರುಗಿಸಿ ಮೂರು ಸೆಕೆಂಡು ಒತ್ತಿಹಿಡಿಯಿರಿ. ದೀಪ ಬೇಗಬೇಗ ಮಿನುಗತೊಡಗಿದರೆ ಮೌಸ್ ಜೋಡಿಗೆ ಸಿದ್ಧ. ಕಂಪ್ಯೂಟರಿನಲ್ಲಿ ವಿಂಡೋಸ್ ಕೀಲಿ ಮತ್ತು ಐ ಒತ್ತಿ ಸೆಟ್ಟಿಂಗ್ಸ್ ತೆರೆದು ಬ್ಲೂಟೂತ್‌ನಲ್ಲಿ ಹೊಸ ಸಾಧನ ಸೇರಿಸಿ. ಡೆಸ್ಕ್‌ಟಾಪಿನಲ್ಲಿ ಬ್ಲೂಟೂತ್ ಇಲ್ಲದಿದ್ದರೆ ಮಾತ್ರ ಮೊದಲು ಹೇಳಿದ ಬ್ಲೂಟೂತ್ ಡಾಂಗಲ್ ಇಲ್ಲಿ ಕೆಲಸಕ್ಕೆ ಬರುತ್ತದೆ.

ಲಾಜಿಟೆಕ್ ಮೌಸಾಗಿದ್ದು ಕಿತ್ತಳೆ ಬಣ್ಣದ, ನಕ್ಷತ್ರದಂಥ ಗುರುತಿದ್ದರೆ ಅದು ಯೂನಿಫೈಯಿಂಗ್. 2009ರಲ್ಲಿ ಬಂದ ಈ ವ್ಯವಸ್ಥೆಯಲ್ಲಿ ಒಂದೇ ರಿಸೀವರಿಗೆ ಆರು ಸಾಧನ ಜೋಡಿಸಬಹುದು, ರಿಸೀವರ್ ಬಿಡಿಯಾಗಿಯೂ ಸಿಗುತ್ತದೆ. ಮಿಂಚಿನ ಗುರುತಿದ್ದರೆ ಅದು 2021ರಲ್ಲಿ ಬಂದ ಲಾಜಿ ಬೋಲ್ಟ್. ಅದಕ್ಕೂ ಬಿಡಿ ರಿಸೀವರ್ ಇದೆ, ಅದೂ ಆರು ಸಾಧನಕ್ಕೆ. ಇವೆರಡೂ ಒಂದಕ್ಕೊಂದು ಹೊಂದುವುದಿಲ್ಲ. ಆನ್‌ಲೈನಿನಲ್ಲಿ ತರಿಸುವಾಗ ಜನ ಎಡವುವುದು ಇಲ್ಲೇ: ಎರಡೂ ಲಾಜಿಟೆಕ್, ಎರಡೂ ಕಪ್ಪು, ಎರಡೂ ಅಷ್ಟೇ ಗಾತ್ರ.

ಎರಡೂ ಗುರುತಿಲ್ಲದ ಲಾಜಿಟೆಕ್, ಅಂದರೆ ಎಲ್ಲೆಡೆ ಕಾಣುವ ಎಂ185ರಂಥ ಮೌಸು, ಬರೀ ನ್ಯಾನೋ ರಿಸೀವರಿನದು. ಅದಕ್ಕೆ ಯೂನಿಫೈಯಿಂಗ್ ರಿಸೀವರ್ ತಂದು ದುಡ್ಡು ಕಳೆಯಬೇಡಿ. ಮಾದರಿಯ ಹೆಸರನ್ನಷ್ಟೇ ನಂಬುವುದೂ ಬೇಡ. ಒಂದೇ ಹೆಸರಿನ ಮೌಸು ಬೇರೆ ಬೇರೆ ಕಾಲದಲ್ಲಿ ಬೇರೆ ರಿಸೀವರಿನೊಂದಿಗೆ ಬಂದಿರುವುದುಂಟು. ನಂಬಬೇಕಾದ್ದು ಹೊಟ್ಟೆಯ ಮೇಲಿನ ಗುರುತನ್ನು.

ಡೆಲ್‌ನ ಕೆಲವು ಮೌಸುಗಳಲ್ಲೂ ಯೂನಿವರ್ಸಲ್ ಪೇರಿಂಗ್ ಎಂಬ ಇಂಥದೇ ಏರ್ಪಾಡಿದೆ; ಅದರ ಜೋಡಣೆ ಡೆಲ್ ಪೆರಿಫೆರಲ್ ಮ್ಯಾನೇಜರ್ ತಂತ್ರಾಂಶದಿಂದ. ಹೆಸರಿಲ್ಲದ ಅಗ್ಗದ ಮೌಸುಗಳಲ್ಲಿ ಕೆಲವಕ್ಕೆ, ರಿಸೀವರ್ ಚುಚ್ಚಿದ ಕೂಡಲೇ ಚಕ್ರ ಮತ್ತು ಬಲಗುಂಡಿಯನ್ನು ಮೂರ್ನಾಲ್ಕು ಸೆಕೆಂಡು ಒಟ್ಟಿಗೆ ಒತ್ತಿಹಿಡಿದರೆ ಜೋಡಿಯಾಗುವ ಗುಣವಿರುತ್ತದೆ. ಅದೇ ಮಾದರಿಯ ಇನ್ನೊಂದು ಮೌಸ್ ಮುರಿದುಬಿದ್ದಿದ್ದು ಅದರ ರಿಸೀವರ್ ಉಳಿದಿದ್ದರೆ ಇದನ್ನು ಪ್ರಯತ್ನಿಸಬಹುದು. ಇದೊಂದಕ್ಕಾಗಿ ರಿಸೀವರ್ ಕೊಳ್ಳುವಂಥದ್ದಲ್ಲ.

ಮೌಸಿನ ಅಡಿಯ ಅಚ್ಚು ಕೈಯ ಬೆವರಿಗೆ ಸವೆದು ಅಳಿಸಿಹೋಗಿದ್ದರೆ? ಕಳೆದ ರಿಸೀವರಿನ ಗುರುತು ಕಂಪ್ಯೂಟರಿನ ನೆನಪಿನಲ್ಲಿ ಇನ್ನೂ ಇರುತ್ತದೆ. ವಿಂಡೋಸ್ ಕೀಲಿ ಮತ್ತು ಆರ್ ಒತ್ತಿ, ಡಿಇವಿಎಂಜಿಎಂಟಿ ಚುಕ್ಕಿ ಎಂಎಸ್‌ಸಿ ಎಂದು ಇಂಗ್ಲಿಷ್ ಅಕ್ಷರದಲ್ಲಿ ಟೈಪಿಸಿ ಎಂಟರ್ ಒತ್ತಿ. ಡಿವೈಸ್ ಮ್ಯಾನೇಜರ್ ತೆರೆಯುತ್ತದೆ. ವ್ಯೂ ಪಟ್ಟಿಯಲ್ಲಿ ಮರೆಯಾದ ಸಾಧನಗಳನ್ನು ತೋರಿಸು ಎಂಬುದನ್ನು ಆರಿಸಿದರೆ, ಹಿಂದೆ ಚುಚ್ಚಿದ್ದ ಮೌಸುಗಳೂ ಮಸುಕು ಬಣ್ಣದಲ್ಲಿ ಕಾಣುತ್ತವೆ. ಒಂದೊಂದನ್ನೂ ಆರಿಸಿ ಆಲ್ಟ್ ಮತ್ತು ಎಂಟರ್ ಒತ್ತಿ, ಡೀಟೇಲ್ಸ್ ಹಾಳೆಯಲ್ಲಿ ಹಾರ್ಡ್‌ವೇರ್ ಐಡಿ ನೋಡಿ. ವಿಐಡಿ (ಕಂಪನಿಯ ಗುರುತು) ಎಂಬುದರ ಮುಂದೆ 046ಡಿ ಇದ್ದರೆ ಲಾಜಿಟೆಕ್. ಪಿಐಡಿ (ಸಾಧನದ ಗುರುತು) ಮುಂದೆ ಸಿ52ಬಿ ಇದ್ದರೆ ಯೂನಿಫೈಯಿಂಗ್, ಸಿ548 ಇದ್ದರೆ ಬೋಲ್ಟ್, ಸಿ534 ಅಥವಾ ಸಿ52ಎಫ್ ಇದ್ದರೆ ಬರೀ ನ್ಯಾನೋ. ಇದನ್ನು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋದರೆ ಮಾತು ಬೇಗ ಮುಗಿಯುತ್ತದೆ.

ಹೊಸ ರಿಸೀವರಿಗೆ ಜೋಡಿಸುವುದು

1. ತಾತ್ಕಾಲಿಕವಾಗಿ ವೈರಿನ ಮೌಸ್ ಅಥವಾ ಟಚ್‌ಪ್ಯಾಡ್ ಇರಲಿ. ಮೌಸಿಗೆ ಹೊಸ ಸೆಲ್ಲು ಹಾಕಿ, ಅರ್ಧ ಸತ್ತ ಸೆಲ್ಲಿನಲ್ಲಿ ಜೋಡಣೆ ನಡುವೆಯೇ ಕೈಕೊಡುತ್ತದೆ.
2. ಹೊಸ ರಿಸೀವರ್ ಚುಚ್ಚಿ, ಲಾಜಿಟೆಕ್‌ನ ಲಾಜಿ ಆಪ್ಷನ್ಸ್ ಪ್ಲಸ್ ಹಾಕಿಕೊಳ್ಳಿ. ಯೂನಿಫೈಯಿಂಗ್‌ಗೆ ಅದೇ ಹೆಸರಿನ ಹಳೆಯ ಪುಟ್ಟ ತಂತ್ರಾಂಶವೂ ಸಾಕು. ಲಿನಕ್ಸ್‌ನಲ್ಲಿ ಸೊಲಾರ್ ಎಂಬ ಉಚಿತ ತಂತ್ರಾಂಶ ಈ ಕೆಲಸ ಮಾಡುತ್ತದೆ.
3. ಹೊಸ ಸಾಧನ ಸೇರಿಸು ಎಂದು ಆರಿಸಿ. ಯೂನಿಫೈಯಿಂಗ್ ಮೌಸಾದರೆ ಸ್ವಿಚ್ ಆಫ್ ಮಾಡಿ ಮತ್ತೆ ಆನ್ ಮಾಡಿ. ಬೋಲ್ಟ್ ಮೌಸಾದರೆ ಅಡಿಯ ಗುಂಡಿಯನ್ನು ಮೂರು ಸೆಕೆಂಡು ಒತ್ತಿ. ಪರದೆ ಎಡ-ಬಲ ಕ್ಲಿಕ್‌ಗಳನ್ನು ಒಂದು ಕ್ರಮದಲ್ಲಿ ಒತ್ತಲು ಹೇಳಿದರೆ ಹಾಗೇ ಒತ್ತಿ.

ಸಾಧನ ಸಿಗಲಿಲ್ಲ ಎಂದು ಬಂದರೆ ಹೆಚ್ಚಾಗಿ ಕಾರಣ ಸಮಯ. ರಿಸೀವರ್ ಹೊಸ ಮೌಸಿಗಾಗಿ ಕಿವಿ ತೆರೆದಿರುವುದು ಸ್ವಲ್ಪ ಹೊತ್ತು ಮಾತ್ರ. ಅಷ್ಟರೊಳಗೆ ಆಫ್-ಆನ್ ಮಾಡಬೇಕು. ಅದೇ ಕೋಣೆಯಲ್ಲಿ ಹಳೆಯ ರಿಸೀವರ್ ಯಾವುದೋ ಚಾಲೂ ಕಂಪ್ಯೂಟರಿನಲ್ಲಿ ಅಡಗಿ ಕೂತಿದ್ದರೆ ಮೌಸ್ ಹೊಸದರ ಬದಲು ಅದಕ್ಕೇ ಹೋಗಿ ಸೇರಬಹುದು.

ಒಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ, ಗೊತ್ತಿದ್ದರೆ ಎಷ್ಟೋ ಓಡಾಟ ತಪ್ಪುತ್ತದೆ: ಜೋಡಿಯಾದ ಮಾಹಿತಿ ಉಳಿಯುವುದು ರಿಸೀವರಿನಲ್ಲಿ ಮತ್ತು ಮೌಸಿನಲ್ಲಿ, ಕಂಪ್ಯೂಟರಿನಲ್ಲಲ್ಲ. ಕಚೇರಿಯ ಕಂಪ್ಯೂಟರಿನಲ್ಲಿ ತಂತ್ರಾಂಶ ಹಾಕಲು ಅಡ್ಮಿನ್ ಪಾಸ್‌ವರ್ಡ್ ಬೇಕು, ಅದು ಜಿಲ್ಲಾ ಕಚೇರಿಯವರ ಬಳಿ ಇದೆ ಎಂದಿದ್ದರೆ ಮನೆಯ ಕಂಪ್ಯೂಟರಿನಲ್ಲೋ ಅಂಗಡಿಯಲ್ಲೋ ಜೋಡಿಸಿಕೊಂಡು ಬನ್ನಿ. ಕಚೇರಿಯಲ್ಲಿ ಚುಚ್ಚಿದ ಕೂಡಲೇ ಓಡುತ್ತದೆ.

ಕೀಬೋರ್ಡ್-ಮೌಸ್ ಜೋಡಿಯ ರಿಸೀವರ್ ಹೋದರೆ

ಒಂದೇ ರಿಸೀವರಿನಲ್ಲಿ ಎರಡೂ ಇರುವ ಕಾಂಬೊ ಆಗಿದ್ದರೆ ಕೀಬೋರ್ಡೂ ಹೋದಂತೆ. ಮೇಲೆ ಹೇಳಿದ ಕೀಲಿ ಉಪಾಯ ಯಾವುದೂ ನಡೆಯದು. ವೈರಿನ ಕೀಬೋರ್ಡ್ ಒಂದನ್ನು ಎರವಲು ತನ್ನಿ. ಹಳೆಯ ಡೆಸ್ಕ್‌ಟಾಪಿನ ಹಿಂದೆ ಹಸಿರು, ನೇರಳೆ ಬಣ್ಣದ ದುಂಡನೆಯ ಪೋರ್ಟುಗಳಿದ್ದರೆ ಹಸಿರು ಮೌಸಿಗೆ, ನೇರಳೆ ಕೀಬೋರ್ಡಿಗೆ. ಇವನ್ನು ಕಂಪ್ಯೂಟರ್ ಆಫ್ ಮಾಡಿಯೇ ಚುಚ್ಚಬೇಕು.

ಕಾಂಬೊ ರಿಸೀವರ್ ಬಸ್ಸಿನಲ್ಲೋ ಸಾರ್ವಜನಿಕ ಜಾಗದಲ್ಲೋ ಬಿದ್ದಿದ್ದರೆ ಪರವಾಗಿಲ್ಲ. ಆದರೆ ಕಚೇರಿಯ ಒಳಗೇ ಕಾಣೆಯಾಗಿದ್ದರೆ ಅದು ಸಿಗುವವರೆಗೆ ಆ ಕೀಬೋರ್ಡ್ ಬಳಸಬೇಡಿ, ಸೆಲ್ಲು ತೆಗೆದಿಡಿ. ಕೀಲಿ ಒತ್ತಿದ್ದೆಲ್ಲ ಆ ರಿಸೀವರಿಗೆ ಅರ್ಥವಾಗುತ್ತದೆ. ಪಕ್ಕದ ಕೋಣೆಯಲ್ಲಿ ಯಾರಾದರೂ ಚುಚ್ಚಿಕೊಂಡರೆ ನಿಮ್ಮ ಪಾಸ್‌ವರ್ಡ್ ಅವರ ಪರದೆಯಲ್ಲಿ ಮೂಡುತ್ತದೆ. ಬರೀ ಮೌಸಾದರೆ ಈ ಭಯ ಇಲ್ಲ. ಹಳೆಯ ಯೂನಿಫೈಯಿಂಗ್ ರಿಸೀವರನ್ನು ಯಾರಿಂದಾದರೂ ಕೊಂಡರೆ ಫರ್ಮ್‌ವೇರ್ (ರಿಸೀವರಿನ ಒಳಗಿನ ತಂತ್ರಾಂಶ) ಅಪ್‌ಡೇಟ್ ಮಾಡಿಯೇ ಬಳಸಿ. ದೂರದಿಂದ ಕೀಲಿ ಒತ್ತಿದಂತೆ ನಟಿಸಬಲ್ಲ ಮೌಸ್‌ಜ್ಯಾಕ್ ಎಂಬ ದೋಷ 2016ರಲ್ಲಿ ಹಲವು ಕಂಪನಿಗಳ ರಿಸೀವರುಗಳಲ್ಲಿ ಪತ್ತೆಯಾಗಿತ್ತು.

ಸಿಕ್ಕಿತು, ಆದರೆ ಒದ್ದೆಯಾಗಿದೆ

ಅಂಗಿಯ ಜೇಬಿನಲ್ಲಿದ್ದು ಬಟ್ಟೆಯ ಜೊತೆ ಒಗೆಸಿಕೊಂಡ ರಿಸೀವರ್ ಬದುಕುವ ಸಾಧ್ಯತೆ ಚೆನ್ನಾಗಿಯೇ ಇದೆ, ಒಂದೇ ಷರತ್ತು: ಒದ್ದೆಯಿದ್ದಾಗ ಚುಚ್ಚಬಾರದು. ಅದರೊಳಗೆ ಸೆಲ್ಲಿಲ್ಲ, ಕರೆಂಟ್ ಸಿಗುವವರೆಗೆ ನೀರು ಹೆಚ್ಚು ಕೆಡಿಸಲಾರದು. ಸೋಪಿನ ನೀರಾಗಿದ್ದರೆ ಐಸೋಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿ ಅಲುಗಿಸಿ ತೆಗೆಯಿರಿ, ಇಲ್ಲದಿದ್ದರೆ ಒಳಗೆ ಉಪ್ಪಿನಂಶ ಉಳಿಯುತ್ತದೆ. ನಂತರ ಎರಡು ದಿನ ಒಣಗಲಿ. ಮಳೆಗಾಲದಲ್ಲಿ ಗಾಳಿಗಿಟ್ಟರೆ ಇಲ್ಲಿ ಏನೂ ಒಣಗುವುದಿಲ್ಲ. ಔಷಧಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಅಥವಾ ಒಲೆಯ ಮೇಲಿನ ಅಟ್ಟದಲ್ಲಿ ಕೈಗೆ ಬೆಚ್ಚಗಾಗುವಷ್ಟು ಶಾಖದಲ್ಲಿ, ಹೊಗೆ ತಾಗದಂತೆ ಸುತ್ತಿಡಿ.

ಪ್ಲಾಸ್ಟಿಕ್ ತುದಿ ಕಿತ್ತು ಬಂದು ಲೋಹದ ಭಾಗ ಪೋರ್ಟಿನಲ್ಲೇ ಉಳಿದಿದ್ದರೆ ಕಂಪ್ಯೂಟರ್ ಆಫ್ ಮಾಡಿ, ವೈರ್ ಕಿತ್ತು, ಚಿಮಟದಿಂದ ನೇರವಾಗಿ ಎಳೆಯಿರಿ. ಅತ್ತಿತ್ತ ಅಲುಗಿಸಿದರೆ ಪೋರ್ಟೂ ಹೋಗುತ್ತದೆ.

ಕೊನೆಗೆ ದುಡ್ಡಿನ ಲೆಕ್ಕ. ಕಳೆದುಹೋಗುವುದು ಸಾಮಾನ್ಯವಾಗಿ ವಾರಂಟಿಗೆ ಬರುವುದಿಲ್ಲ. ಐನೂರು-ಆರುನೂರರ, ಗುರುತಿಲ್ಲದ ಮೌಸಿಗಾಗಿ ರಿಸೀವರ್ ಬೇಟೆ ಬೇಡ, ಹೊಸದು ಕೊಳ್ಳಿ; ಹಳೆಯದರ ಸೆಲ್ಲು ತೆಗೆದಿಟ್ಟುಕೊಳ್ಳಿ. ಸಾವಿರಗಟ್ಟಲೆ ಕೊಟ್ಟ ಯೂನಿಫೈಯಿಂಗ್, ಬೋಲ್ಟ್ ಮೌಸಿಗೆ ರಿಸೀವರ್ ಮಾತ್ರ ತರಿಸುವುದೇ ಸರಿ. ಹೊಸದು ಕೈಗೆ ಬಂದ ದಿನವೇ ತುದಿಗೆ ಎದ್ದುಕಾಣುವ ಬಣ್ಣದ ನೇಲ್ ಪಾಲಿಷ್ ಒಂದು ಚುಕ್ಕಿ ಹಚ್ಚಿ, ಅದೇ ಬಣ್ಣವನ್ನು ಮೌಸಿನ ಹೊಟ್ಟೆಗೂ ಹಚ್ಚಿ. ಲೋಹದ ಭಾಗಕ್ಕೆ ತಾಗಿಸಬೇಡಿ.